ಠೇವಣಿ

ಏಳಿಂಚಿನದು ಎರಡು, ಐದಿಂಚಿನದು ಒಂದು,
ಬಿಸಿಲ ಕೊಪ್ಪೆ ಮೂರು, ಬ್ಯಾಟರಿ ಆರು,
ಕೇಬಲ್ಲು ಉದ್ದದ್ದು ಒಂದು, ಗಿಡ್ಡದ್ದು ಎರಡು.
ಬರೆದುಕೊಂಡೆ. ಸಹಿ ಮಾಡು ಎಂದೆ.
ಬಲಮೂಲೆಯ ಗೀರು ಹಳೆಯದು, ಅದನ್ನೂ ಬರೆ
ಎಂದ ಆ ಹುಡುಗ, ಕೊಸಿ. ಜಾಣ.
ಹೋದ ಸಲ ಯಾರದೋ ಗೀರಿಗೆ ತಾನು ದಂಡ ತೆತ್ತಿದ್ದ.

ಅಸಾಬಾದಲ್ಲಿ, ಔಷಧದಂಗಡಿಯ ಮಹಡಿ ಮೇಲೆ ನನ್ನ ಅಂಗಡಿ.
ಕ್ಯಾಮೆರಾ ಇಡುವುದಿಲ್ಲ. ಮೊದಲು ಅದಕ್ಕೆ ದುಡ್ಡಿರಲಿಲ್ಲ,
ಆಮೇಲೆ ಮನಸ್ಸಿರಲಿಲ್ಲ.
ಬರೀ ಮಾನಿಟರು, ನೋಡಿದರೆ ಮುಗಿಯಿತು.
ಕನ್ನಡಿಯೊಳಗಿನ ಗಂಟು ಅನ್ನುತ್ತಾರಲ್ಲ,
ಅದನ್ನೇ ದಿನಕ್ಕಿಷ್ಟೆಂದು ಬಾಡಿಗೆಗೆ ಕೊಟ್ಟು
ಇಬ್ಬರು ತಮ್ಮಂದಿರನ್ನು ಓದಿಸಿದೆ.

ಈ ಸಲ ಸರಕಿನ ಜೊತೆ ನಾನೂ ಹೋದೆ.
ಹರ್ಮಟ್ಟಾನ್ ಧೂಳಿನ ತಿಂಗಳು.
ಆ ಗಾಳಿ ಸಹಿ ಹಾಕದೆ ಒಳಗೆ ಬರುತ್ತದೆ,
ಕೇಬಲ್ಲು ಸಿಕ್ಕಿಸುವ ತೂತಿನಲ್ಲಿ ಸಂಸಾರ ಹೂಡುತ್ತದೆ.
ಮೆತ್ತನೆಯ ಕುಂಚವೊಂದನ್ನು ಜಡೆಗೆ ಸಿಕ್ಕಿಸಿಕೊಂಡು ಹೊರಟೆ.

ಲೊಕೇಶನ್ನು, ಟೈಲರ್ ಉಜೊಅಮಾಕಾಳ ಅಂಗಳ.
ಮೂರು ದಿನಕ್ಕೆ ಅದೂ ಬಾಡಿಗೆಗೆ.
ಹೊಲಿಗೆ ಕಲಿಯುವ ಎಂಟು ಹುಡುಗಿಯರು ಗೋಡೆಗೆ ಒರಗಿದ್ದರು,
ಗುಂಡಿಯ ಡಬ್ಬಿ ಅಲುಗಿಸಬಾರದೆಂದು ಅಪ್ಪಣೆ.
ಜಗುಲಿಯ ಮೇಲೆ ಕಬ್ಬಿಣದ ಕುರ್ಚಿ, ನೀಲಿ ಪ್ಲಾಸ್ಟಿಕ್ಕಿನ ಹೆಣಿಗೆ,
ಎಡಗಡೆ ಹರಿದು, ಮತ್ತೆ ಹೆಣೆದದ್ದು.
ಕಲಾ ವಿಭಾಗದವರಿಗೆ ಖುಷಿಯೋ ಖುಷಿ:
ಎಷ್ಟು ನಿಜವಾಗಿದೆ!

ಅದರಲ್ಲಿ ಕೂತವನು ನಟ, ಸೇತುವೆ ದಾಟಿ ಒನಿಚಾದಿಂದ ಬಂದವನು.
ಅಳಿಯನಾಗುವವನ ದಾರಿ ಕಾಯುತ್ತ ಕಾಯುತ್ತ
ನಿದ್ದೆ ಹೋಗುವ ಮಾವನ ಪಾತ್ರ.
ಎರಡು ಸಾಲು ಮಾತು, ಒಂದು ಗೊರಕೆ.

ನಿರ್ದೇಶಕಿಯ ಬೆನ್ನ ಹಿಂದೆ ಬಗ್ಗಿ
ನಾನು ನೋಡುತ್ತಿದ್ದುದು ನನ್ನ ಗಾಜನ್ನು.
ಬೆಳಕು ಹೆಚ್ಚಾದ ಹಣೆಯ ಮೇಲೆ ಹುಲಿಪಟ್ಟೆ,
ಫೋಕಸ್ಸು ಕೂತ ರೆಪ್ಪೆಯಂಚಿಗೆ ಕೆಂಪು,
ಬ್ಯಾಟರಿ ಇನ್ನೆರಡು ಗೆರೆ.

ಆಗ ಭುಜಕ್ಕೆ ಯಾರದೋ ಗಲ್ಲ ತಾಗಿತು.
ಉಜೊಅಮಾಕಾ. ತುಟಿಗಳ ನಡುವೆ ಎರಡು ಗುಂಡುಸೂಜಿ.
ಬೆಳಗಿನಿಂದ ಆ ಕುರ್ಚಿಯ ಎದುರೇ ಓಡಾಡಿದವಳು,
ನಟನಿಗೆ ನೀರು ಕೊಟ್ಟವಳು,
ಅವನ ಅಂಗಿಯ ಕಂಕುಳು ಹೊಲಿದುಕೊಟ್ಟವಳು.
ಏನೂ ಅನಿಸಿರಲಿಲ್ಲ.
ಈಗ ಕೊಪ್ಪೆಯ ಕತ್ತಲೊಳಗೆ, ಏಳಿಂಚಿನಲ್ಲಿ,
ಕುರ್ಚಿ, ವಾಲಿದ ತಲೆ, ಜಾರಿದ ಒಂದು ಚಪ್ಪಲಿ.
ಸೂಜಿಗಳನ್ನು ಬಾಯಿಂದ ಕೈಗೆ ತೆಗೆದಳು.
ಹೀಗೇ ಮಲಗುತ್ತಿದ್ದ, ಅಂದಳು.
ಯಾರೆಂದು ನಾನು ಕೇಳಲಿಲ್ಲ.

ಕಟ್ ಅಂದರು. ನಟ ಎದ್ದು ಬೆನ್ನು ಕೆರೆದುಕೊಂಡ.

ಸಂಜೆ ಕೇಬಲ್ಲು ಸುತ್ತುತ್ತಿದ್ದಾಗ ಬಂದಳು,
ಸೊಂಟದ ಬಟ್ಟೆಯ ಗಂಟು ಬಿಚ್ಚಿ, ನೋಟು ಎಣಿಸುತ್ತ:
ಕೇಳೇ ಅಜುಕಾ, ಇದು ದಿನಕ್ಕೆಷ್ಟು?
ದಿನವೂ ಬೇಡ, ಒಂದು ರಾತ್ರಿಗೆ.
ಇದರಲ್ಲಿ ಏನೂ ಇರುವುದಿಲ್ಲ ಅಕ್ಕಾ, ಎಂದೆ.
ಇದು ಕಿಟಕಿ. ಬೀದಿಯಲ್ಲಿ ಹೋದವರನ್ನು
ಕಿಟಕಿ ಇಟ್ಟುಕೊಳ್ಳುತ್ತದೆಯೇ?
ನಂಬಲಿಲ್ಲ. ಒತ್ತಿ ತೋರಿಸಿದೆ.
ಕಪ್ಪು. ಅದರ ನಡುವೆ: ಸಿಗ್ನಲ್ ಇಲ್ಲ.
ತುಟಿ ಅಲುಗಿಸಿ ಓದಿದಳು, ಎರಡು ಸಲ.

ಹಾಗಾದರೆ ಠೇವಣಿ ಯಾತಕ್ಕೆ ಇಸಕೊಳ್ಳುತ್ತೀ?

ಹನ್ನೊಂದು ವರ್ಷದ ವ್ಯಾಪಾರದಲ್ಲಿ
ಯಾರೂ ಕೇಳಿರಲಿಲ್ಲ ಇದನ್ನು.
ಒಡೆದರೆ, ಎಂದೆ.
ನಕ್ಕುಬಿಟ್ಟಳು, ಎಂಟೂ ಹುಡುಗಿಯರು ತಿರುಗಿ ನೋಡುವ ಹಾಗೆ.
ನೋಟುಗಳನ್ನು ಮತ್ತೆ ಗಂಟಿಗೆ ಹಾಕಿದಳು.

ಅಂಗಡಿಗೆ ಬಂದು ಲೆಕ್ಕ ತೆಗೆದೆ.
ಏಳಿಂಚಿನದು ಎರಡು, ಸರಿ. ಕೊಪ್ಪೆ ಮೂರು, ಸರಿ.
ಬ್ಯಾಟರಿ ಐದು; ಆರನೆಯದು ಕೊಸಿಯ ಜೇಬಿನಲ್ಲಿ ಸಿಕ್ಕಿತು.
ಗೀರು ಇದ್ದಲ್ಲೇ ಇದೆ.
ಗಾಜಿನ ಕೆಳಗಡೆ, ಚಪ್ಪಲಿ ಜಾರಿದ್ದ ಜಾಗದಲ್ಲಿ,
ಒಂದು ಹೆಬ್ಬೆರಳಿನ ಗುರುತು,
ವರ್ಷಗಟ್ಟಲೆ ಸೂಜಿ ಚುಚ್ಚಿದ ಚುಕ್ಕಿಗಳ ಸಮೇತ.

ವಾಪಸು ಬಂದದ್ದನ್ನು ಅಂದೇ ಒರೆಸಬೇಕು,
ನಾನೇ ಮಾಡಿದ ನಿಯಮ, ಗೋಡೆಯ ಮೇಲೆ ಅಂಟಿಸಿದೆ.
ನಾಳೆ ಒಂಬತ್ತಕ್ಕೆ ಇದು ಮತ್ತೆ ಹೊರಡುತ್ತದೆ,
ಯಾರದೋ ಮದುವೆಗೆ.
ಎಂಟೂವರೆಗೆ ಒರೆಸಿದರೂ ಆದೀತು.